ಹಿಂಗಾಲು ಬಿದ್ದ ನಾಯಿಗೆ ಎರಡು ಗಾಲಿ

ಶಹಾಪುರ–ಸುರಪುರ ರಸ್ತೆದಾಗ ಬೈಕ್ ಬಡಿದು ಹಿಂಗಾಲು ಎಳೆಯೋ ನಾಯಿ ಕಂಡ್ರೆ, "ಇದರ ಕಥಿ ಮುಗೀತು" ಅನಬ್ಯಾಡ್ರಿ.

ಮೊದಲು ಪಶು ಆಸ್ಪತ್ರೆಗೆ ಒಯ್ಯಿರಿ. ಡಾಕ್ಟರು ಅದರ ಕಾಲ್ಬೆರಳು ಗಟ್ಟಿಯಾಗಿ ಹಿಚುಕಿ ನೋಡ್ತಾರ. ನಾಯಿ ಬರೀ ಕಾಲು ಹಿಂದಕ್ಕೆ ಎಳಕೊಂಡ್ರೆ ಸಾಲದು. ತಿರುಗಿ ನೋಡಬೇಕು, ಕುಂಯ್ ಅನಬೇಕು. ಹಂಗಂದ್ರೆ ನೋವು ಬೆನ್ನುಹುರಿ ದಾಟಿ ಮಿದುಳಿಗೆ ಮುಟ್ಟಾಕತ್ತದ, ಮತ್ತೆ ನಡಿಯೋ ಆಸೆ ಅದ.

ಕಾಲು ಬರಲೇ ಇಲ್ಲಂದ್ರೆ? ಗಾಲಿಬಂಡಿ. ಪಿವಿಸಿ ಪೈಪು, ಎಲ್ಬೋ, ಎರಡು ಗಾಲಿ, ಬೆಲ್ಟು: ಎಲ್ಲಾ ಯಾದಗಿರಿ ಪ್ಯಾಟಿದಾಗೇ ಸಿಗ್ತಾವ. ಕಷ್ಟ ಇರೋದು ಅಳತಿದಾಗ. ನಿಂತಾಗ ಬೆನ್ನು ನೆಲಕ್ಕ ಸಮ ಇರಬೇಕು. ತೊಡೆಸಂದಿದಾಗ ಬೆಲ್ಟು ಉಜ್ಜಿ ಗಾಯ ಆಗ್ತದ, ಅಲ್ಲಿ ಹಳೇ ಬನಿಯನ್ ಸುತ್ರಿ. ಮೊದಲ ದಿನ 10 ನಿಮಿಷ ಸಾಕು. ಮಲಗೋವಾಗ ಬಿಚ್ಚಲೇಬೇಕು. ನಮ್ಮ ಮಧ್ಯಾಹ್ನದ ಬಿಸಿಲಾಗಂತೂ ಬ್ಯಾಡೇಬ್ಯಾಡ.

ಕಾಲೇ ಕಳಕೊಂಡ ದನಕ್ಕೂ ದಾರಿ ಅದ. ಜೈಪುರದ ಪಶುವೈದ್ಯ ಡಾ. ತಪೇಶ್ ಮಾಥುರ್ ಅವರು 'ಕೃಷ್ಣಾ ಲಿಂಬ್' ಅನ್ನೋ ಕೃತಕ ಕಾಲು ಮಾಡ್ತಾರ. ಆ ಹೆಸರು ಬಂದದ್ದು ಕೃಷ್ಣ ಅನ್ನೋ ಕರುವಿನಿಂದ.

ನಿಮ್ಮೂರಾಗ ದನ ಕಾಲು ಮುರಕೊಂಡು ಬಿದ್ದದ? ತಡ ಮಾಡಬ್ಯಾಡ್ರಿ, 1962ಕ್ಕೆ ಫೋನ್ ಹಚ್ರಿ. ಅದು ಪಶು ಸಂಜೀವಿನಿ ಗಾಡಿ ನಂಬರು.