ಬಾಗಿದ ಪಿನ್ನು, ಬಾಗದ ಮಾತು

ಗಣಕಯಂತ್ರದ ಬಗ್ಗೆ ಬರೆಯಲು ಇವರಿಗೇನು ಗೊತ್ತು ಎಂದು ವಾಚಕ ಬಂಧುಗಳು ಕೇಳಬಹುದು. ನಾವು ಎಸ್.ಎಸ್.ಎಲ್.ಸಿ. ಮುಗಿಸಿ ತಕ್ಕಡಿ ಹಿಡಿದವರು. ಆದರೂ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ ನಾಲ್ಕು ಮನೆಗಳಿಗೆ ಉಪಯೋಗವಾದೀತೆಂದು ಹೇಳುತ್ತಿದ್ದೇವೆ.

ಈರೋಡು ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯಲ್ಲಿ ನಮ್ಮದು ದಿನಸಿ ಅಂಗಡಿ. ರಾಜ್ಯ ತಮಿಳುನಾಡು, ಆಡುವ ಮಾತು ಕನ್ನಡ. ಕೋಸು, ಈರುಳ್ಳಿ ಬೆಳೆಯುವ ರೈತರಿಗೆ ಫಸಲು ಕೈಗೆ ಬರುವತನಕ ಉದ್ದರಿ ಕೊಡುವುದು ನಮ್ಮ ತಂದೆಯವರ ಕಾಲದ ಪದ್ಧತಿ. ಆ ಲೆಕ್ಕವೆಲ್ಲ ಮೊದಲು ಕೆಂಪು ರಟ್ಟಿನ ಖಾತೆಪುಸ್ತಕದಲ್ಲಿತ್ತು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲೆ ಗಣಕಯಂತ್ರಕ್ಕೆ ಸೇರಿತು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ನೆರವನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ನಮ್ಮ ಹಳೆಯ ಯಂತ್ರ ವಿಂಡೋಸ್ 11ಕ್ಕೆ ಆಗಿಬರುವಂತಿರಲಿಲ್ಲ. ಮೈಸೂರಿನಲ್ಲಿ ಓದುತ್ತಿರುವ ಮೊಮ್ಮಗ, "ಪೆಟ್ಟಿಗೆ ಅದೇ ಇರಲಿ ತಾತ, ಒಳಗಿನ ಮದರ್‌ಬೋರ್ಡ್, ಪ್ರೊಸೆಸರ್, ಮೆಮೊರಿ ಬದಲಿಸಿದರೆ ಸಾಕು. ನಾನೇ ಜೋಡಿಸುತ್ತೇನೆ" ಎಂದ. ಹಳೆಯದನ್ನು ವಿನಿಮಯಕ್ಕೆ ಕೊಟ್ಟು ಹೊಸದನ್ನು ತಂದ. ನವೆಂಬರಿನ ಒಂದು ಭಾನುವಾರ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕೆಲಸಕ್ಕೆ ಕುಳಿತ. ಬೆಳಗಿನ ಬಸ್ಸಿಗೆ ಹೊರಡಬೇಕಾದ ಅವಸರ ಬೇರೆ.

ಮದರ್‌ಬೋರ್ಡ್ ಎಂದರೆ ಎಲ್ಲ ಭಾಗಗಳನ್ನೂ ಸೇರಿಸುವ ತಾಯಿಹಲಗೆ. ಅದರ ನಡುವೆ ಪ್ರೊಸೆಸರ್ ಕೂರುವ ಸಾಕೆಟ್ ಇರುತ್ತದೆ. ಹಿಂದೆ ಪಿನ್ನುಗಳು ಪ್ರೊಸೆಸರಿನ ಅಡಿಯಲ್ಲಿದ್ದವು. 2004ರಿಂದೀಚೆಗೆ ಇಂಟೆಲ್ ಕಂಪನಿ ತನ್ನ ಮೇಜುಯಂತ್ರಗಳಲ್ಲಿ ಅವನ್ನು ಹಲಗೆಯ ಸಾಕೆಟ್ಟಿಗೇ ಇಳಿಸಿತು. ನಾವು ತಂದ ಬಗೆಯಲ್ಲಿ 1700 ಪಿನ್ನುಗಳು. ಒಂದೊಂದೂ ಕೂದಲೆಳೆಯಂತೆ ಸಣ್ಣದು, ಸ್ಪ್ರಿಂಗಿನಂತೆ ಬಾಗಿ ನಿಂತಿರುತ್ತದೆ. ಪ್ರೊಸೆಸರನ್ನು ನೇರವಾಗಿ, ಒತ್ತದೆ ಇಡಬೇಕು. ನಮ್ಮ ಹುಡುಗನ ಬೆರಳಿನಿಂದ ಅದು ಜಾರಿ ಮೂಲೆ ಕೆಳಗಾಗಿ ಬಿತ್ತು. ಅವನು ಯಾರಿಗೂ ಹೇಳದೆ ಎತ್ತಿ ಸರಿಯಾಗಿ ಕೂರಿಸಿ ಸ್ವಿಚ್ ಒತ್ತಿದ. ಫ್ಯಾನು ತಿರುಗಿತು, ಪರದೆ ಮಾತ್ರ ಬೆಳಗಲಿಲ್ಲ.

ನಡುರಾತ್ರಿ ನಮ್ಮ ಹಾಸಿಗೆಯ ಬಳಿ ಬಂದು ನಿಂತ. "ತಾತ, ಕೈಜಾರಿ ಬಿದ್ದಿತ್ತು. ಆಗಲೇ ಹೇಳಲಿಲ್ಲ" ಎಂದ. ನಮಗೆ ಸಿಟ್ಟು ಬಂದದ್ದು ಸುಳ್ಳಲ್ಲ. ಹಳೆಯದು ಕೈಬಿಟ್ಟಿತ್ತು, ಹೊಸದು ಕೆಟ್ಟಿತ್ತು, ತಿಂಗಳ 20ರೊಳಗೆ ತೆರಿಗೆಯ ಲೆಕ್ಕ ಒಪ್ಪಿಸಬೇಕಿತ್ತು. ಉದ್ದರಿಯ ಲೆಕ್ಕವೇ ಹೋಯಿತೇನೋ ಎಂದು ಎದೆ ಧಸಕ್ಕೆಂದಿತು. "ಲೆಕ್ಕ ಡಿಸ್ಕಿನಲ್ಲಿದೆ ತಾತ, ಹಲಗೆಯಲ್ಲಿಲ್ಲ" ಎಂದು ಅವನೇ ಸಮಾಧಾನ ಹೇಳಿದ. ಮರುದಿನ ನಮ್ಮ ಲೆಕ್ಕಿಗರು ಆ ಡಿಸ್ಕನ್ನು ತಮ್ಮ ಯಂತ್ರಕ್ಕೆ ಜೋಡಿಸಿ ತೋರಿಸಿದಾಗ ಪೈಸೆಯೂ ಹೆಚ್ಚುಕಡಿಮೆ ಇರಲಿಲ್ಲ.

ಅದೇ ದಿನ ಪರಿಚಿತರೊಬ್ಬರು ಒಂದು ಉಪಾಯ ಹೇಳಿದರು. "ಸಾಕೆಟ್ಟಿನ ಪ್ಲಾಸ್ಟಿಕ್ ಮುಚ್ಚಳ ಹಾಕಿ ಕಳುಹಿಸಿ. ಪೆಟ್ಟಿಗೆ ಬಿಚ್ಚಿದಾಗಲೇ ಹೀಗಿತ್ತು ಎನ್ನಿ. ವಾರಂಟಿಯಲ್ಲಿ ಹೊಸದೇ ಬರುತ್ತದೆ." ಮೊಮ್ಮಗ ನಮ್ಮ ಮುಖ ನೋಡಿದ. ಒಂದು ಗಳಿಗೆ ನಮ್ಮ ಮನಸ್ಸೂ ತೂಗಾಡಿತೆಂದು ಒಪ್ಪಿಕೊಳ್ಳುತ್ತೇವೆ. ಆದರೆ ತನ್ನ ಮನೆಯಲ್ಲಿ ಇಲಿ ಕಡಿದ ಅಕ್ಕಿಮೂಟೆಯನ್ನು ಗಿರಾಕಿಯೊಬ್ಬ "ಕೊಟ್ಟಾಗಲೇ ಹೀಗಿತ್ತು" ಎಂದು ಹಿಂದಕ್ಕೆ ತಂದರೆ ನಮಗೆ ಹೇಗಾದೀತು? ರಾತ್ರಿ ನಿಜ ಹೇಳಿದ ಹುಡುಗನಿಗೆ ಹಗಲು ಸುಳ್ಳು ಕಲಿಸುವುದೇ? ಮಾರಿದವರಿಗೆ ಫೋನು ಮಾಡಿ ನಡೆದದ್ದು ನಡೆದಂತೆ ತಿಳಿಸಿದೆವು. ಕೈತಪ್ಪಿಗೆ ವಾರಂಟಿ ಇಲ್ಲವೆಂದರು. ಅದು ನ್ಯಾಯವೇ.

ಚಾಮರಾಜನಗರದ ರಿಪೇರಿಯವರೊಬ್ಬರು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಆರು ಪಿನ್ನು ಬಾಗಿದ್ದವು. ಸಣ್ಣ ಚಿಮಟದಿಂದ ಒಂದೊಂದನ್ನೇ ಎತ್ತುತ್ತ ಎರಡು ಗಂಟೆ ಕುಳಿತರು. ಐದು ಸರಿಯಾದವು, ಒಂದು ಬುಡದಲ್ಲೇ ಮುರಿಯಿತು. ಪಿನ್ನುಗಳಿಗೆಲ್ಲ ಒಂದೇ ಕೆಲಸವಲ್ಲ: ಕೆಲವು ವಿದ್ಯುತ್ತು ತರುತ್ತವೆ, ಕೆಲವು ಮೆಮೊರಿಯೊಡನೆ ಮಾತಾಡುತ್ತವೆ, ಕೆಲವು ಬಿಡಿಯಾಗಿ ಉಳಿದಿರುತ್ತವೆ. ಯಾವುದು ಮುರಿಯಿತೋ ಅದರಂತೆ ಫಲ. ನಮ್ಮ ಹಲಗೆಯಲ್ಲಿ ಎರಡು ಮೆಮೊರಿ ಸ್ಲಾಟುಗಳಲ್ಲಿ ಒಂದು ಸತ್ತಿತು, ಇನ್ನೊಂದರಿಂದ ಯಂತ್ರ ನಡೆಯುತ್ತಿದೆ. ನಮ್ಮ ಅಂಗಡಿಗೆ ಅಷ್ಟು ಸಾಕು. ತೆರಿಗೆಯ ಲೆಕ್ಕವೂ ವಾಯಿದೆಯೊಳಗೆ ಹೋಯಿತು.

ನಾವು ಕಲಿತದ್ದನ್ನು ಹೇಳಿಬಿಡುತ್ತೇವೆ. ಹೊಸದು ನಡೆಯುವತನಕ ಹಳೆಯದನ್ನು ಕೊಡಬೇಡಿ. ಲೆಕ್ಕದ ಪ್ರತಿಯೊಂದನ್ನು ಬೇರೆಡೆ ತೆಗೆದಿಡಿ. ಈಚಿನ ಯಂತ್ರಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗವಿರಬಹುದು. ಹಲಗೆ ಬದಲಾದರೆ ಅದು 48 ಅಂಕಿಗಳ ಕೀಲಿ ಕೇಳುತ್ತದೆ, ಮೊದಲೇ ಬರೆದಿಡಿ. ಯಂತ್ರ ಆರಿಸಿದರೆ ಸಾಲದು, ಗೋಡೆಯ ಪ್ಲಗ್ಗನ್ನೇ ಕೀಳಬೇಕು. ಇಲ್ಲದಿದ್ದರೆ ಹಲಗೆಗೆ 5 ವೋಲ್ಟು ಹರಿಯುತ್ತಲೇ ಇರುತ್ತದೆ. ಒಣಹವೆಯಲ್ಲಿ ನೈಲಾನ್, ಉಣ್ಣೆ ಬಟ್ಟೆಯಿಂದ ಮೈಗೆ ಸ್ಥಿರವಿದ್ಯುತ್ತು ಏರುತ್ತದೆ. ನಮಗೆ ಚುರುಕ್ಕೆನಿಸದಷ್ಟು ಅಲ್ಪವಾದರೂ ಬಿಡಿಭಾಗ ಕೆಡಬಹುದು. ಆಗಾಗ ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಮುಟ್ಟಿಕೊಳ್ಳಬೇಕು. ಏನಾದರೂ ಬಿದ್ದರೆ ಅಲ್ಲಿಗೇ ನಿಲ್ಲಿಸಿ ಬೆಳಕು ಹಿಡಿದು ನೋಡಿ; ಬಾಗಿದ್ದರ ಮೇಲೆ ಮತ್ತೆ ಒತ್ತಿದರೆ ಮುರಿಯುತ್ತದೆ.

ನಮ್ಮ ದಿಂಬಂ ಘಾಟಿಯಲ್ಲಿ 27 ತಿರುವುಗಳು. ಅಲ್ಲಿ ಅವಸರ ಪಟ್ಟ ಲಾರಿ ಊರು ಸೇರುವುದು ತಡವೇ. ನಮ್ಮ ಹುಡುಗ ಈಗ ರಜೆಗೆ ಬಂದರೆ ಮೊದಲು ಪ್ಲಗ್ಗು ಕಿತ್ತು, ನಮ್ಮನ್ನು ಕರೆದು ಟಾರ್ಚು ಕೈಗೆ ಕೊಟ್ಟು, ಆಮೇಲೆ ಪೆಟ್ಟಿಗೆ ಬಿಚ್ಚುತ್ತಾನೆ. ಸತ್ತ ಸ್ಲಾಟನ್ನು ನೋಡಿದಾಗಲೆಲ್ಲ ಅವನು ತಲೆ ತಗ್ಗಿಸುವುದುಂಟು. "ಇರಲಿ ಬಿಡಪ್ಪ, ನಿಜ ಹೇಳಿದೆಯಲ್ಲ" ಎನ್ನುತ್ತೇವೆ.