ಕಣ್ಣಿಲ್ಲದೆ ತಾಳ ಕಲಿಯುವುದು ಹೇಗೆ?

ಪ್ರಶ್ನೆ: ಸ್ವರಲಿಪಿ ನೋಡಿ ಹಾಡಿದರೆ ನನಗೆ ತಾಳ ತಪ್ಪುತ್ತದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದವರು ಹೇಗೆ ಕಲಿಯುತ್ತಾರೆ?
– ಓದುಗರೊಬ್ಬರು, ಲಕ್ಷ್ಮೇಶ್ವರ

ಉತ್ತರ: ಕಿವಿಯಿಂದ, ಬಾಯಿಂದ, ಕೈಯಿಂದ. ಆಶ್ರಮದ ಗುರು ಪಂಚಾಕ್ಷರಿ ಗವಾಯಿಗಳಿಗೆ ದೃಷ್ಟಿ ಇರಲಿಲ್ಲ. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆಶ್ರಮ ನಡೆಸಿದ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. ಗುರು ಹೇಳಿದ್ದನ್ನು ಕೇಳಿ, ತಿರುಗಿ ಹೇಳಿ, ಕಂಠಸ್ಥ ಮಾಡುವುದೇ ಅಲ್ಲಿಯ ಪಾಠ. ಕಣ್ಣು ಕಾಣದವರಿಗೆ ಲಿಪಿ ಇಲ್ಲವೆಂದಲ್ಲ: ಲೂಯಿ ಬ್ರೈಲ್ ಸ್ವತಃ ಆರ್ಗನ್ ವಾದಕ, ಸಂಗೀತಕ್ಕೂ ಚುಕ್ಕೆಲಿಪಿ ಮಾಡಿದವನು. ಆದರೆ ಬೆರಳು ಲಿಪಿಯ ಮೇಲಿದ್ದರೆ ತಬಲಾ ನುಡಿಸುವುದು ಹೇಗೆ? ಅದಕ್ಕೇ ನೆನಪು ಮೊದಲು.

ತೀನತಾಳವನ್ನೇ ತಗೊಳ್ಳಿ. 16 ಮಾತ್ರೆ, ನಾಲ್ಕು ವಿಭಾಗ. 1, 5, 13ಕ್ಕೆ ಚಪ್ಪಾಳೆ, 9ಕ್ಕೆ ಖಾಲಿ, ಅಂದರೆ ಚಪ್ಪಾಳೆ ಇಲ್ಲ. ಧಾ ಧಿಂ ಧಿಂ ಧಾ ಎಂದು ಎರಡು ಸಲ ಹೇಳಿ, ಮೂರನೆಯ ಸಲ ಧಾ ತಿಂ ತಿಂ ತಾ ಅನ್ನಿ. ‘ಧಿಂ’ ಹೋಗಿ ‘ತಿಂ’ ಬಂದಾಗ ಡಗ್ಗಾದ (ತಬಲಾ ಜೋಡಿಯ ಎಡಗೈ ವಾದ್ಯದ) ಗುಂಕಾರ ನಿಲ್ಲುತ್ತದೆ. ಕಣ್ಣು ಮುಚ್ಚಿ ಕೂತವರಿಗೂ ಖಾಲಿ ಬಂದದ್ದು ತಿಳಿಯುತ್ತದೆ. ಕೊನೆಗೆ ತಾ ಧಿಂ ಧಿಂ ಧಾ, ಮತ್ತೆ ಸಮ, ಅಂದರೆ ಮೊದಲ ಮಾತ್ರೆ. ಎಷ್ಟು ಚಂದದ ವ್ಯವಸ್ಥೆ ನೋಡಿ!

ನೀವು ತಪ್ಪುವುದು ಬಹುಶಃ ಸ್ವರ, ಮಾತ್ರೆ ಎರಡನ್ನೂ ಒಟ್ಟಿಗೆ ಹುಡುಕುವುದರಿಂದ. ಭಾತಖಂಡೆ ಲಿಪಿಯಲ್ಲಿ ಸ್ವರಗಳ ಕೆಳಗಿನ ಕಮಾನು ಅವೆಲ್ಲ ಒಂದೇ ಮಾತ್ರೆಗೆ ಸೇರಿದವು ಎನ್ನುತ್ತದೆ. ಮೊದಲು ರಾಗ ಬಿಟ್ಟು, ಕೈತಾಳದೊಂದಿಗೆ ಸ್ವರದ ಹೆಸರಷ್ಟೇ ವಿಲಂಬದಲ್ಲಿ ಓದಿ. ತಪ್ಪಿದರೆ ನಿಲ್ಲಬೇಡಿ, ಮುಂದಿನ ಸಮಕ್ಕೆ ಕೂಡಿಕೊಳ್ಳಿ. ಆಮೇಲೆ ಪುಸ್ತಕ ಮುಚ್ಚಿ ಹಾಡಿ.