ಒಗರು ಮಾಗುವ ತನಕ

ಇಟಲಿಯ ವಾಯವ್ಯಕ್ಕಿರುವ ಪಿಯೆಮಾಂಟ್ ಸೀಮೆಯಲ್ಲಿ, ಆಲ್ಬಾ ಪಟ್ಟಣದ ಆಸುಪಾಸಿನ ಲಾಂಗೆ ಗುಡ್ಡಗಳ ಮೇಲೆ ಅಕ್ಟೋಬರ್ ಹೊತ್ತಿಗೆ ಮಂಜು ಕವಿಯುತ್ತದೆ. ಉಳಿದ ದ್ರಾಕ್ಷಿಯ ಕೊಯ್ಲು ಮುಗಿದರೂ ನೆಬ್ಬಿಯೋಲೊ ತಳಿಯ ಗೊಂಚಲು ಬಳ್ಳಿಯಲ್ಲೇ ಇರುತ್ತದೆ. ಬೇಗ ಚಿಗುರಿ ತಡವಾಗಿ ಹಣ್ಣಾಗುವ ಹಟಮಾರಿ ತಳಿ ಇದು. ಇಲ್ಲಿನ 11 ಊರುಗಳ ಎಲ್ಲೆಯಲ್ಲಿ ಬೆಳೆದ ನೆಬ್ಬಿಯೋಲೊದಿಂದ ಮಾಡಿದ ಕೆಂಪು ವೈನ್‌ಗಷ್ಟೇ ಬರೋಲೊ ಎಂಬ ಹೆಸರು ಸಲ್ಲುತ್ತದೆ. ಕೊಯ್ಲಾದ ವರ್ಷದ ನವೆಂಬರ್‌ನಿಂದ 38 ತಿಂಗಳು ಕಳೆಯದೆ ಅದನ್ನು ಮಾರುವಂತಿಲ್ಲ. ಅದರಲ್ಲಿ 18 ತಿಂಗಳು ಮರದ ಪೀಪಾಯಿಯ ವಾಸ ಕಡ್ಡಾಯ. ಲೇಬಲ್ ಮೇಲೆ ‘ರಿಸರ್ವಾ’ ಎಂದು ಬರೆಯಲು 62 ತಿಂಗಳು ಬೇಕು.

ಈ ಗಡುವೂ ಸಾಲದೆನ್ನುವ ಮನೆತನವೊಂದಿದೆ. ಮೋನ್‌ಫೋರ್ತೆ ದಾಲ್ಬಾ ಎಂಬ ಊರಿನ ಜಾಕೊಮೊ ಕೊಂತೆರ್ನೊ, ಹೆಚ್ಚಿನವರು ಬರೋಲೊವನ್ನು ಸಗಟಾಗಿ ಮಾರಿ ಕೈತೊಳೆದುಕೊಳ್ಳುತ್ತಿದ್ದ 1920ರ ದಶಕದಲ್ಲೇ, ದಶಕಗಟ್ಟಲೆ ಬಾಳಲೆಂದು ‘ಮೋನ್‌ಫೋರ್ತಿನೊ’ ಎಂಬ ಬರೋಲೊ ಮಾಡತೊಡಗಿದರು. ಮೊದಲೆಲ್ಲ ದ್ರಾಕ್ಷಿಯನ್ನು ಹೊರಗಿನಿಂದ ಕೊಳ್ಳುತ್ತಿದ್ದರು. ಮಗ ಜೊವಾನ್ನಿ 1974ರಲ್ಲಿ ಸೆರ್ರಲುಂಗ ಎಂಬ ಊರಿನ ಕಶೀನಾ ಫ್ರಾಂಚಾ ತೋಟ ಕೊಂಡ ಮೇಲೆ ಹಣ್ಣೂ ಮನೆಯದೇ ಆಯಿತು. ಭಾರಿ ಗಾತ್ರದ ಓಕ್ ಪೀಪಾಯಿಗಳಲ್ಲಿ ಮೋನ್‌ಫೋರ್ತಿನೊ ಸುಮಾರು ಏಳು ವರ್ಷ ಕೂರುತ್ತದೆ. ಎಲ್ಲ ವರ್ಷವೂ ಮಾಡುವುದಿಲ್ಲ. ಆದರೆ ಮಳೆ, ಆಲಿಕಲ್ಲಿನಿಂದ ಫಸಲು ಕೆಟ್ಟು ಅನೇಕರು ಕೈಚೆಲ್ಲಿದ 2002ರಲ್ಲಿ ಈ ಮನೆಯವರು ಮೋನ್‌ಫೋರ್ತಿನೊ ಮಾಡಿ ಎಲ್ಲರ ಹುಬ್ಬೇರಿಸಿದರು.

ಪೀಪಾಯಿಯ ಗಾತ್ರಕ್ಕಾಗಿ ಲಾಂಗೆಯಲ್ಲಿ ಮನೆ ಮುರಿದದ್ದೂ ಉಂಟು. 1980ರ ದಶಕದಲ್ಲಿ ಎಲಿಯೊ ಅಲ್ತಾರೆ ಎಂಬ ಯುವಕ ಅಪ್ಪನ ಹಳೆಯ ಪೀಪಾಯಿಗಳನ್ನು ಗರಗಸದ ಯಂತ್ರದಿಂದ ಕೊಯ್ದುಹಾಕಿ, ಬ್ಯಾರಿಕ್ ಎಂಬ ಫ್ರೆಂಚರ ಪುಟ್ಟ ಪೀಪಾಯಿಗಳನ್ನು ತಂದ. ಅಪ್ಪ ಅವನಿಗೆ ಆಸ್ತಿಯನ್ನೇ ತಪ್ಪಿಸಿದ. ಈಗ ಆ ಜಗಳ ತಣ್ಣಗಾಗಿದೆ. ದೊಡ್ಡ ಪೀಪಾಯಿಯವರೂ ಬ್ಯಾರಿಕ್‌ನವರೂ ಸ್ವಲ್ಪ ಸ್ವಲ್ಪ ಗೆದ್ದರು ಅನ್ನಬಹುದು.

ಇಷ್ಟೊಂದು ಕಾಯುವುದು ಯಾತಕ್ಕೆಂದರೆ ಒಗರು ಕೊಡುವ ಟ್ಯಾನಿನ್ ಮೆತ್ತಗಾಗಲೆಂದು. ಎಳೆಯ ಬರೋಲೊ ನೋಡಲು ತೆಳು ಕೆಂಪು, ಸಾಧುವಿನಂತೆ ಕಾಣುತ್ತದೆ. ಬಾಯಿಗಿಟ್ಟರೆ ಹಸಿ ಅಡಿಕೆ ಜಗಿದಂತೆ ಒಸಡು, ಕೆನ್ನೆ ಎಲ್ಲ ಹಿಡಿದುಕೊಳ್ಳುತ್ತದೆ. ಜೊಲ್ಲಿನಲ್ಲಿರುವ ಪ್ರೋಟೀನಿಗೆ ಟ್ಯಾನಿನ್ ಅಂಟಿಕೊಂಡು ಬಾಯಿಯ ಜಾರುತನ ಕಳೆಯುವುದರಿಂದ ಹೀಗೆ. ಬಾಟಲಿಯೊಳಗೆ ವರ್ಷ ಉರುಳಿದಂತೆ ಟ್ಯಾನಿನ್ ಮತ್ತು ಬಣ್ಣದ ಕಣಗಳು ಒಂದಕ್ಕೊಂದು ಹೆಣೆದುಕೊಂಡು, ಒಂದಷ್ಟು ಗಷ್ಟಾಗಿ ತಳ ಸೇರುತ್ತವೆ. ಒಗರು ಮೆತ್ತಗಾಗುತ್ತದೆ. ಹುಳಿ ಮಾತ್ರ ಹೆಚ್ಚು ಕಡಿಮೆ ಹಾಗೇ ಉಳಿದು ವೈನ್‌ನ ಬೆನ್ನು ಬಗ್ಗದಂತೆ ನೋಡಿಕೊಳ್ಳುತ್ತದೆ.

ಹಳೆಯ ಬಾಟಲಿ ತೆರೆಯುವುದೇ ಒಂದು ಕಸುಬು. ಗಷ್ಟು ತಳಕ್ಕಿಳಿಯಲಿ ಎಂದು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಬೇಕು. ಹಳೇ ಕಾರ್ಕ್ ತಿರುಪು ಚುಚ್ಚಿದರೆ ಪುಡಿಯಾದೀತು. ಎರಡು ತೆಳು ಅಲಗುಗಳ ಚಿಮಟದಂಥ ಸಾಧನವನ್ನು ಕಾರ್ಕ್‌ಗೂ ಗಾಜಿಗೂ ನಡುವೆ ತೂರಿಸಿ, ತಿರುಗಿಸುತ್ತ ಮೇಲೆಳೆಯುತ್ತಾರೆ. ಬಾಟಲಿಯ ಕತ್ತಿನ ಕೆಳಗೆ ದೀಪವಿಟ್ಟು, ಒಂದೇ ಧಾರೆಯಾಗಿ ಇನ್ನೊಂದು ಪಾತ್ರೆಗೆ ಬಗ್ಗಿಸುತ್ತಾರೆ. ಗಷ್ಟಿನ ಮೊದಲ ಗೆರೆ ಕತ್ತಿಗೆ ಬಂದ ಕೂಡಲೇ ಕೈ ನಿಲ್ಲಬೇಕು. ಲೋಟವನ್ನು ಬಿಳಿ ಬಟ್ಟೆಯ ಮೇಲೆ ಓರೆ ಮಾಡಿದರೆ ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿರುವುದು ಕಾಣುತ್ತದೆ. ಮೂಗಿಗೆ ಬಾಡಿದ ಗುಲಾಬಿ ಮತ್ತು ಡಾಂಬರು ಒಟ್ಟಿಗೇ ಬರುತ್ತವೆ. ಬರೋಲೊ ಬಲ್ಲವರು ಮೊದಲು ಹುಡುಕುವುದೇ ಈ ಜೋಡಿಯನ್ನು. ಹಿಂದೆಯೇ ಒಣ ಅಣಬೆ, ಚರ್ಮ. ರುಚಿನೋಟದ ಪಂಡಿತರು ಇದಕ್ಕೆ ಇನ್ನೂ ಇಪ್ಪತ್ತು ಹೆಸರು ಸೇರಿಸಿಯಾರು, ಅಷ್ಟೆಲ್ಲ ಬೇಕಿಲ್ಲ. ಅವಸರವಿಲ್ಲದೆ ಮೂಸಿ, ಗುಟುಕು ಗುಟುಕಾಗಿ ಕುಡಿದರಾಯಿತು; ಗಾಳಿ ತಾಕಿದಂತೆ ಪರಿಮಳ ತಾನಾಗಿ ಬದಲಾಗುತ್ತ ಹೋಗುತ್ತದೆ.

ಕೋಣೆಯ ಉಷ್ಣತೆಯಲ್ಲೇ ಕುಡಿಯಿರಿ ಎಂಬ ಸಲಹೆ ಯುರೋಪಿನ ತಣ್ಣನೆಯ ಕಲ್ಲುಮನೆಗಳದು. ಅವರ ಕೋಣೆ ಅಂದರೆ 18 ಡಿಗ್ರಿ. ಬಾಟಲಿಯನ್ನು ಮಾಗಿಸುವ ನೆಲಮಾಳಿಗೆ ಇನ್ನೂ ತಂಪು, 12-14 ಡಿಗ್ರಿ. ವಿದೇಶದ ನೆಂಟರು ಯಾರಾದರೂ ಬರೋಲೊ ತಂದುಕೊಟ್ಟರೆ ಬೆಂಗಳೂರಿನ ಶೋಕೇಸಿನಲ್ಲಿಟ್ಟು ಹತ್ತು ವರ್ಷ ಕಾಯಬೇಡಿ. ನಾಲ್ಕು ಬೇಸಿಗೆಯ ಕಾವಿಗೆ ಅದು ಮಾಗುವುದಿಲ್ಲ, ಬೇಯುತ್ತದೆ. ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, ಅದೇ ವಾರ ತೆರೆದುಬಿಡಿ.